ನೀರು ಹಾಕದ ಗಿಡ

"ನಿನ್ನ ಕಣ್ಣುಗಳು ಚೆನ್ನಾಗಿವೆಯಾ?"

ಪಕ್ಕದ ಮನೆಯ ಇಂಗೆಯೆರ್ಡ್ ನನ್ನೊಡನೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಯಾವ ದೇಶ ಎಂದು ಕೇಳಲಿಲ್ಲ, ಇಲ್ಲಿನ ಚಳಿ ಹೇಗನ್ನಿಸುತ್ತದೆ ಎಂದೂ ಕೇಳಲಿಲ್ಲ. ನಾವು ಸ್ವೀಡನ್ನಿನ ಶೋವ್ಡೆಗೆ ಬಂದು ಒಂದು ವರ್ಷ ದಾಟಿತ್ತು. ಆ ಒಂದು ವರ್ಷದಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿತ್ತು. ಹಾಗಾಗಿ ಮೊಣಕಾಲೆತ್ತರದ ಬೇಲಿಯಾಚೆ ನಿಂತು, ಮುಖವನ್ನು ಎತ್ತಲೋ ತಿರುಗಿಸಿಕೊಂಡು ಕಣ್ಣಿನ ಬಗ್ಗೆ ಕೇಳಿದ ಈ ವಯಸ್ಸಾದ ಹೆಂಗಸು ನನಗೆ ಆ ಕ್ಷಣಕ್ಕೇ ಹಿಡಿಸಿಬಿಟ್ಟರು.

"ಚೆನ್ನಾಗಿವೆ," ಎಂದೆ, ಕ್ಲಾಸಿನಲ್ಲಿ ಕಲಿತ ಹರಕು ಸ್ವೀಡಿಷ್‌ನಲ್ಲಿ.

"ಹಾಗಾದರೆ ಈ ಕಡೆ ಬಾ. ನಾನು ಕೊಲೆ ಮಾಡಿದ್ದೇನೆ."

ಕೊಲೆಯಾದದ್ದು ಎರಡು ಗಿಡಗಳು. ಅವರ ಹಿತ್ತಲಿನ ಬಿಸಿಲು ಬೀಳುವ ಮೂಲೆಯಲ್ಲಿ ಒಡೆದ ಸುಣ್ಣಕಲ್ಲು, ಜಲ್ಲಿ, ಮರಳು ಸುರಿದ ಒಂದು ದಿಬ್ಬ ಇತ್ತು. ಮನೆ ಕಟ್ಟಿದ ಮೇಸ್ತ್ರಿ ಎತ್ತಿಸದೆ ಬಿಟ್ಟುಹೋದ ಕಸ ಎಂದೇ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅದು ಪಾತಿಯಂತೆ. ಅದರಲ್ಲಿ ಬೀಜದಿಂದ ಬೆಳೆಸಿದ ಮೂರು ಗಿಡಗಳಿದ್ದವಂತೆ. ಹಿಂದಿನ ದಿನ ಕಳೆ ಕೀಳಲು ಹೋದ ಇಂಗೆಯೆರ್ಡ್ ಕಳೆಯನ್ನು ಬಿಟ್ಟು ಎರಡು ಗಿಡಗಳನ್ನೇ ಬೇರುಸಹಿತ ಕಿತ್ತಿದ್ದರು. ಅವರ ಎರಡೂ ಕಣ್ಣುಗಳ ನಟ್ಟನಡುವೆ ಬೂದು ಕಲೆ ಕೂತಿತ್ತು. ನೇರ ನೋಡಿದರೆ ಎದುರಿಗಿದ್ದದ್ದು ಮಾಯ, ಓರೆಯಾಗಿ ನೋಡಿದರೆ ಅಂಚಿನಲ್ಲಿ ಒಂದಿಷ್ಟು ಕಾಣುತ್ತಿತ್ತು. ಮುಖ ತಿರುಗಿಸಿಕೊಂಡು ಮಾತಾಡಿದ್ದು ಅದಕ್ಕೇ.

"ಮೂರನೆಯದು ಇದೆಯೋ, ಅದನ್ನೂ ಕಿತ್ತೆನೋ, ಅಷ್ಟು ಹೇಳು," ಎಂದರು.

ಮಂಡಿಯೂರಿ ಹುಡುಕಿದೆ. ಎರಡು ಕಲ್ಲುಗಳ ನಡುವೆ ನೆಲಕ್ಕೆ ಅಂಟಿಕೊಂಡು ಅಂಗೈ ಅಗಲದ ಹಸಿರು ಹರಡಿತ್ತು. ಕಿರುಬೆರಳ ಉಗುರಿನಷ್ಟು ಎಲೆಗಳು, ಅಂಚಿಗೆಲ್ಲ ಕತ್ತರಿ ಆಡಿಸಿದ ಹಾಗೆ, ಮಗುಚಿದರೆ ಅಡಿಯಲ್ಲಿ ಬಿಳುಪು. ನಿಜ ಹೇಳಬೇಕೆಂದರೆ, ದಾರಿಯಲ್ಲಿ ಸಿಕ್ಕಿದ್ದರೆ ತುಳಿದುಕೊಂಡು ಹೋಗುತ್ತಿದ್ದೆ.

"ಇದೆ," ಎಂದೆ. ಇಂಗೆಯೆರ್ಡ್ ಪಕ್ಕದಲ್ಲಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡು ದೊಡ್ಡದಾಗಿ ಉಸಿರು ಬಿಟ್ಟರು.

ಅದರ ಹೆಸರು ಫ್ಯೆಲ್‌ಸಿಪ್ಪ. ಉತ್ತರದ ಬೆಟ್ಟಗಳಲ್ಲಿ, ಮರಗಳೂ ಸಾಕಪ್ಪ ಸಾಕು ಎಂದು ನಿಂತುಬಿಡುವ ಎತ್ತರದಲ್ಲಿ, ಗಾಳಿಗೆ ಮೈಯೊಡ್ಡಿ ಬೆಳೆಯುವ ಹೂಗಿಡ. ಇಂಗೆಯೆರ್ಡ್ ಹುಡುಗಿಯಾಗಿದ್ದಾಗ ಅಲ್ಲಿನ ಒಂದು ಚಾರಣಿಗರ ವಸತಿಯಲ್ಲಿ ಅಡುಗೆಗೆ ಹೋಗುತ್ತಿದ್ದರಂತೆ. ಬೇಸಿಗೆ ಬಂದ ಕೂಡಲೇ ಇಡೀ ಇಳಿಜಾರು ಬೆಳ್ಳಗಾಗುತ್ತಿತ್ತಂತೆ. ಪಾತ್ರೆ ತೊಳೆದ ಮೇಲೆ ಅಲ್ಲಿ ಹೋಗಿ ಮಲಗಿಬಿಡುತ್ತಿದ್ದರಂತೆ. ಆಮೇಲೆ ಈ ಊರಿಗೆ ಬಂದು ಶಾಲೆಯ ಅಡುಗೆಮನೆಯಲ್ಲಿ ಸಾವಿರಾರು ಮಕ್ಕಳಿಗೆ ಆಲೂಗಡ್ಡೆ ಬೇಯಿಸುವುದರಲ್ಲೇ ಜೀವಮಾನ ಕಳೆಯಿತು. ನಿವೃತ್ತಿಯಾದ ಮೇಲೆ ತೋಟಗಾರರ ಸಂಘದಿಂದ ಬೀಜ ತರಿಸಿ, ಮರದ ಪೆಟ್ಟಿಗೆಯಲ್ಲಿ ಬಿತ್ತಿ, ಚಳಿಗಾಲವಿಡೀ ಹಿಮದಲ್ಲೇ ಬಿಟ್ಟಿದ್ದರು. ಹಿಮ ಬೀಳದೆ ಆ ಬೀಜ ಎಚ್ಚರಗೊಳ್ಳುವುದೇ ಇಲ್ಲವಂತೆ. ಮೊಳೆತು ಮೂರು ವರ್ಷವಾದರೂ ಒಂದು ಹೂವಿನ ಸುಳಿವಿರಲಿಲ್ಲ.

"ಒಂದು ಸಲ ಅರಳಿದ್ದನ್ನು ನೋಡಿಬಿಟ್ಟರೆ ಸಾಕು," ಎಂದರು. "ಆದರೆ ಕಣ್ಣಿನ ಕಲೆ ದೊಡ್ಡದಾಗುತ್ತಿದೆ ಅಂತ ಡಾಕ್ಟರು ಹೇಳಿದ್ದಾರೆ. ಗಿಡ ಬಹಳ ನಿಧಾನ, ಕಲೆ ಬಹಳ ಚುರುಕು."

ಅಳುತ್ತಾ ಹೇಳಿದ್ದರೆ ನಾನು ಏನಾದರೂ ಸಮಾಧಾನದ ಮಾತು ಆಡಿ ಮನೆಗೆ ಬಂದುಬಿಡುತ್ತಿದ್ದೆ. ಅವರು ಬಸ್ಸು ಲೇಟಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದರು. ಅದಕ್ಕೇ ನನಗೆ ಎದ್ದು ಹೋಗಲಾಗಲಿಲ್ಲ.

ಆಗ ನನ್ನ ಸ್ಥಿತಿಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ನನ್ನ ಗಂಡ ಸುದರ್ಶನ್‌ಗೆ ಇಲ್ಲಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಕೆಲಸ. ಜಯನಗರದ ಬ್ಯಾಂಕಿನಲ್ಲಿ ಗಟ್ಟಿ ಕೆಲಸದಲ್ಲಿದ್ದ ನಾನು ಅದನ್ನು ಬಿಟ್ಟು ಅವನ ಹಿಂದೆ ಬಂದಿದ್ದೆ. ಬೆಳಿಗ್ಗೆ ಸ್ವೀಡಿಷ್ ಕ್ಲಾಸು, ಮಧ್ಯಾಹ್ನದಿಂದ ಮುಖ ಊದಿಸಿಕೊಂಡು ಕೂರುವ ಕೆಲಸ. ಯಾರಿಗಾದರೂ ನನ್ನಿಂದ ಉಪಯೋಗವಿದೆ ಎನ್ನಿಸಿ ಬಹಳ ಕಾಲವಾಗಿತ್ತು. ಇಂಗೆಯೆರ್ಡ್‌ಗೆ ಬೇಕಾದದ್ದು ನನ್ನ ಕಣ್ಣು ಮಾತ್ರ. ಕೊಟ್ಟೆ.

ಮರುದಿನವೇ ಉತ್ಸಾಹದಿಂದ ಅಕ್ಕಿ ತೊಳೆದ ನೀರು, ಸೋಸಿದ ಟೀ ಪುಡಿ ಎರಡನ್ನೂ ಒಂದು ಪಾತ್ರೆಯಲ್ಲಿ ಕಲಸಿಕೊಂಡು ಹೋದೆ. ನಮ್ಮಮ್ಮ ಗುಲಾಬಿಗೆ ಹಾಕುತ್ತಿದ್ದದ್ದು ಅದೇ. ಇಂಗೆಯೆರ್ಡ್ ಪಾತ್ರೆಗೆ ಮೂಗಿಟ್ಟು ವಾಸನೆ ನೋಡಿ ಗಾಬರಿಯಾದರು.

"ಇದೇನು?"

"ಗೊಬ್ಬರ."

"ಅದಕ್ಕೆ ಊಟ ಹಾಕಬೇಡ! ಊಟ ಹಾಕಿದರೆ ಸೋಮಾರಿಯಾಗಿ ಬರೀ ಎಲೆ ಬಿಡುತ್ತದೆ, ಇಲ್ಲ ಕೊಳೆತುಹೋಗುತ್ತದೆ. ನೀರೂ ಬೇಡ. ಮಳೆಯಿಲ್ಲದೆ ತಿಂಗಳಾದರೆ ಯೋಚನೆ ಮಾಡೋಣ."

ಗೊಬ್ಬರ ಬೇಡ, ನೀರು ಬೇಡ, ಜಾಗ ಬದಲಿಸುವಂತಿಲ್ಲ, ಏಕೆಂದರೆ ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ, ಕದಲಿಸಿದರೆ ಮುನಿಸಿಕೊಂಡು ಸಾಯುತ್ತದೆ. ಹಾಗಾದರೆ ಆರೈಕೆ ಎಂದರೆ ಏನು? ಅದರ ಮೇಲೆ ಏರಿ ಬರುವ ಹುಲ್ಲನ್ನು ಹುಬ್ಬು ತಿದ್ದುವ ಚಿಮುಟದಿಂದ ಒಂದೊಂದೇ ಎಳೆಯಾಗಿ ಕೀಳುವುದು. ಬಿದ್ದ ಎಲೆ, ಕಸ ತೆಗೆದು ಸುತ್ತ ಗಾಳಿಯಾಡುವಂತೆ ಮಾಡುವುದು. ಮಳೆ ಬಂದ ಸಂಜೆ ಬಸವನಹುಳಗಳನ್ನು ಆರಿಸುವುದು. ಚಿಪ್ಪಿಲ್ಲದ ಕಂದು ಬಣ್ಣದ ದಪ್ಪ ಹುಳಗಳು ಅವು, ಇಡೀ ಬೀದಿಯ ತೋಟಗಳನ್ನು ಮೇಯುತ್ತಿದ್ದವು. ಇಂಗೆಯೆರ್ಡ್ ಅವನ್ನು ಕತ್ತರಿಯಿಂದ ಕತ್ತರಿಸಲು ಹೇಳಿದರು. ಅದು ನನ್ನಿಂದ ಆಗಲಿಲ್ಲ. ಬಕೆಟ್‌ನಲ್ಲಿ ತುಂಬಿಕೊಂಡು ಕಾಡಿನ ಅಂಚಿಗೆ ಬಿಟ್ಟು ಬರುತ್ತಿದ್ದೆ. ಇದನ್ನು ಕೇಳಿ ಅವರು ಕಾಫಿ ನೆತ್ತಿಗೇರುವಷ್ಟು ನಕ್ಕರು.

ಡಿಸೆಂಬರಿನಲ್ಲಿ ನೆಲ ಕಬ್ಬಿಣವಾದಾಗ ನನ್ನ ಕರುಳು ತಡೆಯಲಿಲ್ಲ. ಅದನ್ನೊಂದು ಕುಂಡಕ್ಕೆ ಹಾಕಿ ನಮ್ಮ ಹಾಲ್‌ನಲ್ಲಿ ಹೀಟರಿನ ಪಕ್ಕ ಇಡೋಣವೇ ಎಂದು ಕೇಳಿದೆ. ಬೈಸಿಕೊಂಡೆ. ಚಳಿ ಅದಕ್ಕೆ ತವರುಮನೆ ಇದ್ದ ಹಾಗೆ. ಅದನ್ನು ಕೊಲ್ಲುವುದು ಫೆಬ್ರವರಿಯ ಬಿಸಿಲು. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದಿರುವಾಗ ಮೇಲಿನಿಂದ ಬಿಸಿಲು ಎಲೆಗಳನ್ನು ಒಣಗಿಸುತ್ತದೆ. ಅದಕ್ಕೇ ಆ ಹೊತ್ತಿಗೆ ಸ್ಪ್ರೂಸ್ ಮರದ ಟೊಂಗೆಗಳನ್ನು ಮುಚ್ಚಬೇಕು, ಏಪ್ರಿಲ್‌ನಲ್ಲಿ ತೆಗೆಯಬೇಕು. ಇದನ್ನೆಲ್ಲ ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ನೆಲದಲ್ಲಿ ಕೂತು ಮಾಡುತ್ತಿದ್ದೆ. ಅವರ ಸೊಂಟದ ಕೀಲಿಗೆ ಆಪರೇಷನ್ ಆಗಿದ್ದರಿಂದ ಬಗ್ಗುವಂತಿರಲಿಲ್ಲ. "ಹೇಗಿದೆ?" ಎಂದು ದಿನವೂ ಕೇಳುವರು, "ಹಾಗೇ ಇದೆ" ಎಂದು ದಿನವೂ ಹೇಳುವೆ. ನನ್ನ ಸ್ವೀಡಿಷ್ ಸುಧಾರಿಸಿದ್ದು ಕ್ಲಾಸಿನಲ್ಲಲ್ಲ, ಆ ಕಲ್ಲಿನ ರಾಶಿಯ ಮುಂದೆ. ಇಂಗೆಯೆರ್ಡ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಅಲ್ಲೇ. ಇಬ್ಬರೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವರು, ಹೊಂದಿಕೊಂಡು ಹೋದೆವು.

2007ರ ಏಪ್ರಿಲ್‌ನಲ್ಲಿ ನಮ್ಮತ್ತೆ ಬಂದರು, ಬೇಸಿಗೆ ಮುಗಿಯುವವರೆಗೆ ಇರಲು.

ಅತ್ತೆಯ ಹೆಸರು ಜಾನಕಿ. ಮಲ್ಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಪರೀಕ್ಷೆಯಲ್ಲಿ ಸ್ವಂತ ಮಗನಿಗೂ ಅರ್ಧ ಅಂಕ ಧಾರಾಳವಾಗಿ ಕೊಟ್ಟವರಲ್ಲ. ಅಂಥವರು ಬೆಳಕು ಹರಿಯುವ ಮುಂಚೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು ಹಿಡಿದು ವಾಕಿಂಗ್ ಹೊರಟರೆಂದರೆ ಇಡೀ ಬಡಾವಣೆಯ ದಾಸವಾಳ, ಕಣಗಿಲೆ, ನಂದಿಬಟ್ಟಲು ಬೋಳಾಗುತ್ತಿತ್ತು. ಬೇರೆಯವರ ಕಾಂಪೌಂಡು ಎಂಬ ಅಳುಕೇ ಇಲ್ಲ. "ನನಗೇನೇ ಅದು? ದೇವರಿಗೆ ತಾನೇ!" ಎನ್ನುವುದು ಅವರ ವಾದ. ಆ ಬಡಾವಣೆಯಲ್ಲಿ ಹಾಗೆ ವಾದಿಸುವವರು ಇನ್ನೂ ಹತ್ತಾರು ಜನ ಇದ್ದರೆನ್ನಿ. ಹೂ ಬೇಕೆಂದರೆ ಅವರಿಗಿಂತ ಮೊದಲೇ ಏಳಬೇಕಿತ್ತು, ಅಷ್ಟೆ.

ಇಲ್ಲಿ ಬಂದ ಮೇಲೆ ಅವರಿಗೆ ಹೂವಿನದೇ ಕೊರಗು. ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟ ಟ್ಯೂಲಿಪ್ ನೋಡಿ ಮುಖ ಸಿಂಡರಿಸಿದರು. "ಫ್ರಿಜ್ಜಿನಲ್ಲಿಟ್ಟಿದ್ದನ್ನ ದೇವರಿಗೆ ಏರಿಸ್ತಾರೇನೇ? ತಂಗಳು!" ಎಂದರು. ಆಮೇಲೆ ಹುಲ್ಲಿನ ತುಂಬಾ ಹಳದಿ ದಂಡೇಲಿಯನ್ ಅರಳಿದವು. ಇಂಗೆಯೆರ್ಡ್ ಹಿತ್ತಲಲ್ಲಂತೂ ಹಾಸಿಬಿಟ್ಟಿದ್ದವು. ಅತ್ತೆ ಬೇಲಿಯ ಬಳಿ ನಿಂತು ಸನ್ನೆಯಲ್ಲಿ ಕೇಳಿದರು. ಇಲ್ಲಿನವರಿಗೆ ಅದು ಕಳೆ. ಯಾರಾದರೂ ಕಿತ್ತುಕೊಂಡು ಹೋದರೆ ಪುಣ್ಯ. ಇಂಗೆಯೆರ್ಡ್ ಇಡೀ ಹಿತ್ತಲಿನ ಮೇಲೆ ಕೈ ಬೀಸಿ "ತಗೋ, ತಗೋ, ಎಲ್ಲ ತಗೋ" ಎಂದರು. ಆವತ್ತಿನಿಂದ ನಮ್ಮ ಲಕ್ಷ್ಮಿಗೆ ದಿನವೂ ಹಳದಿ ಅಲಂಕಾರ.

ಅತ್ತೆಗೆ ಇಂಗೆಯೆರ್ಡ್ ಎಂಬ ಹೆಸರು ಬಾಯಿಗೆ ಬರಲಿಲ್ಲ. ಇಂಗಮ್ಮ ಎಂದರು. ಮೊದಮೊದಲು "ಏನೇ ಇವರು, ಮುಖ ಕೊಟ್ಟು ಮಾತೇ ಆಡಲ್ಲ, ಬಿಗುಮಾನ ಜಾಸ್ತಿ" ಎಂದು ದೂರಿದರು. ಕಣ್ಣಿನ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. ಮಾರನೆಯ ದಿನದಿಂದ ಬೇಲಿಯ ಪಕ್ಕ ನಿಂತು ಇಂಗಮ್ಮನಿಗೆ ಗಟ್ಟಿ ದನಿಯಲ್ಲಿ ಕನ್ನಡದಲ್ಲಿ ಊರಿನ ಸುದ್ದಿಯನ್ನೆಲ್ಲ ಹೇಳತೊಡಗಿದರು, ಹೋಗಿರುವುದು ಕಣ್ಣಲ್ಲ, ಕಿವಿ ಎನ್ನುವ ಹಾಗೆ. ಇಂಗೆಯೆರ್ಡ್ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಏನೂ ಕೊರತೆ ಕಂಡಂತಿರಲಿಲ್ಲ.

ಸ್ನಾನವಾದ ಮೇಲೆ ಚೊಂಬಿನಲ್ಲಿ ನೀರು ಹಿಡಿದು ಕಂಡ ಕಂಡ ಗಿಡಕ್ಕೆಲ್ಲ ಹಾಕುವುದು ಅತ್ತೆಯ ಅಭ್ಯಾಸ. ಎರಡನೆಯ ದಿನವೇ ಅವರು ಆ ಕಲ್ಲಿನ ಪಾತಿಯ ಕಡೆ ಹೊರಟದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು.

"ಅತ್ತೆ, ಅದಕ್ಕೆ ಮಾತ್ರ ನೀರು ಹಾಕ್ಬೇಡಿ!"

"ಯಾಕೆ?"

"ಹಾಕಬಾರದು, ಅಷ್ಟೇ."

"ಯಾರೂ ಹಾಕಲ್ವಾ?"

"ಯಾರೂ ಹಾಕಲ್ಲ."

ಇಷ್ಟೇ ಆದ ಮಾತು. ಇಡೀ ಪುರಾಣ ಬಿಡಿಸಿ ಹೇಳುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ.

ಮೇ ಕೊನೆಯ ವಾರ ಆ ಹಸಿರಿನ ನಡುವೆ ಒಂದು ತೊಟ್ಟು ತಲೆ ಎತ್ತಿತು. ಅದರ ತುದಿಯಲ್ಲಿ ಕಪ್ಪು ರೋಮದ ಒಂದು ಮೊಗ್ಗು. ಒಂದೇ. ನಾನು ಮೂರು ಸಲ ನೋಡಿ ಖಚಿತ ಮಾಡಿಕೊಂಡು ಹೇಳಿದೆ. ಇಂಗೆಯೆರ್ಡ್ ಅದು ಎಷ್ಟೆತ್ತರ ಇದೆ ಎಂದು ಕೇಳಿದರು. ಆಮೇಲೆ ತಮ್ಮ ಯೋಜನೆ ತಿಳಿಸಿದರು. ಹೂ ಇರುವುದು ನೆಲದಿಂದ ಒಂದು ಬೆರಳೆತ್ತರದಲ್ಲಿ, ಅವರು ಬಗ್ಗುವಂತಿಲ್ಲ. ಅದಕ್ಕೆ ಅರಳಿದ ದಿನ ಪಾತಿಯ ಪಕ್ಕ ಒಂದು ಹಾಸಿಗೆ ಹಾಸಿ, ನಾನೂ ಸುದರ್ಶನನೂ ಅವರನ್ನು ಎತ್ತಿ ಮಲಗಿಸಬೇಕು, ನೋಡಿಯಾದ ಮೇಲೆ ಎತ್ತಿ ನಿಲ್ಲಿಸಬೇಕು.

"ಆಲೂಗಡ್ಡೆ ಮೂಟೆ ಇಳಿಸುವ ಹಾಗೆ ಇಳಿಸಿ. ನಾನೇನೂ ಅಂದುಕೊಳ್ಳುವುದಿಲ್ಲ."

"ಫೋಟೋ ತೆಗೆದು ಟಿವಿಯಲ್ಲಿ ದೊಡ್ಡದಾಗಿ ತೋರಿಸಲೇ?"

"ಫೋಟೋ ನೋಡಬೇಕಿದ್ದರೆ ಲೈಬ್ರರಿಗೆ ಹೋಗುತ್ತಿದ್ದೆ," ಎಂದರು.

ಗುರುವಾರ ಸಂಜೆ ಮೊಗ್ಗಿನ ಬಾಯಲ್ಲಿ ಬಿಳಿಯ ಗೆರೆ ಕಂಡಿತು. ನಾಳೆ ಬಿಸಿಲು ಬಂದರೆ ಖಂಡಿತ ಅರಳುತ್ತದೆ ಎಂದು ಇಂಗೆಯೆರ್ಡ್ ಹೇಳಿದರು. ಹತ್ತು ಗಂಟೆಗೆ ಹಿತ್ತಲಲ್ಲೇ ಫಿಕಾ, ಕಾಫಿ ಮತ್ತು ಏಲಕ್ಕಿ ಬನ್ನು, ಎಲ್ಲರೂ ಬರಬೇಕು. ನನ್ನ ಕೈಯಲ್ಲಿ ತಲೆ ಬಾಚಿಸಿಕೊಂಡು ಕ್ಲಿಪ್ಪು ಹಾಕಿಸಿಕೊಂಡರು. ಸುದರ್ಶನ್ ಆಫೀಸಿಗೆ ಫೋನ್ ಮಾಡಿ, ಪಕ್ಕದ ಮನೆಯವರ ಹೂ ಅರಳುತ್ತದೆ, ನಾಳೆ ತಡವಾಗಿ ಬರುತ್ತೇನೆ ಎಂದ. ಬೆಂಗಳೂರಿನ ಮ್ಯಾನೇಜರಾಗಿದ್ದರೆ ನಿಮ್ಹಾನ್ಸ್‌ಗೆ ಕಳಿಸುತ್ತಿದ್ದ. ಇಲ್ಲಿಯವನು ಯಾವ ಹೂ ಎಂದು ಕೇಳಿದನಂತೆ. ನಾವು ಇದನ್ನೆಲ್ಲ ಮಾತಾಡುವ ಹೊತ್ತಿಗೆ ಅತ್ತೆ, ಹೊತ್ತಾದರೂ ಮುಳುಗದ ಸೂರ್ಯನಿಗೆ ಶಾಪ ಹಾಕುತ್ತಾ, ಕಿಟಕಿಗೆ ದಪ್ಪ ಹೊದಿಕೆ ಕಟ್ಟಿಕೊಂಡು ಮಲಗಿಬಿಟ್ಟಿದ್ದರು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆವು.

ಶುಕ್ರವಾರ ಚೆನ್ನಾಗಿ ಬಿಸಿಲು ಬಂತು. ಕಾಫಿ ಲೋಟ ಹಿಡಿದುಕೊಂಡೇ ಬೇಲಿ ದಾಟಿ ಹೋದೆ. ಪಾತಿಯಲ್ಲಿ ತೊಟ್ಟು ಇರಲಿಲ್ಲ.

ಮೊದಲು ಹುಳ ತಿಂದಿತು ಎಂದುಕೊಂಡೆ. ಬಗ್ಗಿ ನೋಡಿದೆ. ಹುಳ ಮೇದರೆ ಅಂಟಂಟಾದ ಜಾಡು ಇರುತ್ತದೆ. ಇಲ್ಲಿ ತೊಟ್ಟಿನ ಬುಡ ಉಗುರಿನಿಂದ ಚಿವುಟಿದ ಹಾಗೆ ನೀಟಾಗಿತ್ತು. ಒಂದೇ ಉಸಿರಿಗೆ ಮನೆಯೊಳಗೆ ಓಡಿದೆ.

ದೇವರಗೂಡಿನ ಮುಂದೆ ದೀಪ ಉರಿಯುತ್ತಿತ್ತು. ಬೆಳ್ಳಿಯ ಲಕ್ಷ್ಮಿಯ ತಲೆಯ ಮೇಲೆ, ದಂಡೇಲಿಯನ್‌ಗಳ ನಡುವೆ, ಒಂದು ಬಿಳಿ ಹೂ. ಎಂಟು ದಳ, ನಡುವೆ ಹಳದಿ ಕೇಸರ. ಒಂದು ವರ್ಷ ಕಾದ ನಾನು ಅದನ್ನು ಮೊದಲ ಸಲ ನೋಡಿದ್ದು ಹಾಗೆ.

"ಅತ್ತೆ, ಇದೆಲ್ಲಿ ಕಿತ್ರಿ?"

"ನೋಡಿದ್ಯಾ? ಚೆನ್ನಾಗಿದೆ ಅಲ್ವಾ?" ಅತ್ತೆ ಹಿಗ್ಗಿನಿಂದ ತಿರುಗಿದರು. "ಆ ಕಲ್ಲಿನ ರಾಶೀಲಿತ್ತು ಕಣೇ. ಬೆಳಗ್ಗೆ ಬೆಳಗ್ಗೆನೇ ಸೂರ್ಯನ್ನ ನೋಡ್ತಾ ಅರಳಿತ್ತು. ಎಣಿಸಿದೆ, ಎಂಟು ದಳ! ಅಷ್ಟದಳ! ಶುಕ್ರವಾರ ಬೇರೆ. ಲಕ್ಷ್ಮಿಗೇ ಅಂತ ಬಿಟ್ಟ ಹಾಗಿತ್ತು."

"ಅದು ಇಂಗೆಯೆರ್ಡ್ ಹೂ ಅತ್ತೆ! ಅವರ ಗಿಡ ಅದು! ಹೇಗೆ ಕಿತ್ರಿ ನೀವು?" ನನ್ನ ದನಿ ಎಷ್ಟು ಏರಿತ್ತೆಂದರೆ ಹಲ್ಲುಜ್ಜುತ್ತಿದ್ದ ಸುದರ್ಶನ್ ಬ್ರಶ್ ಸಮೇತ ಓಡಿಬಂದ.

ಅತ್ತೆಯ ಮುಖದ ಹಿಗ್ಗು ಇಳಿಯಿತು. "ಅವರ ಗಿಡಾನಾ? ನೀನೇ ಹೇಳ್ದ್ಯಲ್ಲೇ, ಅದಕ್ಕೆ ಯಾರೂ ನೀರು ಹಾಕಲ್ಲ ಅಂತ. ಯಾರೂ ನೀರೇ ಹಾಕದ ಗಿಡ ಯಾರದ್ದಾಗತ್ತೆ? ಒಬ್ಬರು ನೀರು ಹಾಕಿ ಬೆಳೆಸಿದ್ದನ್ನ ಒಂದಾದರೂ ಬಿಟ್ಟು ಕೀಳ್ತೀನಿ ನಾನು. ನೀನು ಅಲ್ಲಿ ಕೂತು ಹುಲ್ಲು ಕೀಳ್ತಿದ್ದಿದ್ದು ಹಿತ್ತಲು ಚೊಕ್ಕಟ ಮಾಡೋಕೆ, ಇದು ತಾನೇ ಹುಟ್ಟಿ ತಾನೇ ಬೆಳೆದಿದ್ದು ಅಂದ್ಕೊಂಡೆ. ಅಂಥದ್ದು ದೇವರದ್ದೇ ಅಲ್ವೇನೇ?"

ಮಲ್ಲೇಶ್ವರದ ಕಾನೂನಿನ ಪ್ರಕಾರ ಅವರು ಹೇಳಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಆಗ ಕೂತು ಎಲ್ಲವನ್ನೂ ಹೇಳಿದೆ. ಬೆಟ್ಟ, ಬೀಜ, ಹಿಮದ ಪೆಟ್ಟಿಗೆ, ಕಣ್ಣಿನ ಕಲೆ ಬೆಳೆಯುತ್ತಿರುವುದು, ಈ ಒಂದು ಹೂವನ್ನು ನೋಡಬೇಕೆಂದು ಅವರು ನಿನ್ನೆ ತಲೆ ಬಾಚಿಸಿಕೊಂಡಿದ್ದು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೇಳಿದರು.

"ಈಗೇನ್ ಮಾಡೋದು?" ಸುದರ್ಶನ್ ಗಡಿಯಾರ ನೋಡಿದ. "ಟೆನ್ ಓ ಕ್ಲಾಕ್‌ಗೆ ಕಾಯ್ತಿರ್ತಾರೆ. ನೀರಜಾ, ಒಂದ್ ಕೆಲ್ಸ ಮಾಡೋಣ. ಹುಳ ತಿಂದ್ಬಿಡ್ತು ಅಂತ ಹೇಳೋಣ. ಅಮ್ಮನ್ ಮೇಲೆ ಬರಲ್ಲ, ಅವರಿಗೂ ಅಷ್ಟು ಬೇಜಾರಾಗಲ್ಲ. ಹೇಗಿದ್ರೂ ಅವರಿಗೆ..."

"ಹೇಗಿದ್ರೂ ಏನು?"

"ಅಲ್ಲ, ಹೋಗಿ ಚೆಕ್ ಮಾಡೋಕಂತೂ..."

ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣು ಕಾಣ್ಸಲ್ಲ, ಏನ್ ಹೇಳಿದ್ರೂ ನಂಬ್ತಾರೆ ಅಂತಾನಾ? ನನ್ನ ಕಣ್ಣನ್ನೇ ತಮ್ಮ ಕಣ್ಣು ಅಂದ್ಕೊಂಡು ಒಂದು ವರ್ಷ ಕೂತಿದ್ರು ಅವರು. ಈಗ ಅದೇ ಕಣ್ಣಿಂದ ಸುಳ್ಳು ಹೇಳು ಅಂತೀಯಾ?"

ಅವನು ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ಯಾರಿಗೂ ನೋವಾಗದ ಹಾಗೆ ಎಲ್ಲ ಮುಗಿಯಲಿ ಎನ್ನುವ ಜಾತಿ. ನನಗೆ ಆ ಹೊತ್ತಿನಲ್ಲಿ ಆ ಜಾತಿಯ ಮೇಲೇ ಕೋಪ ಬಂದಿತ್ತು.

ನಾವಿಬ್ಬರೂ ಹೀಗೆ ಹಲ್ಲು ಮಸೆಯುತ್ತಿರುವಾಗ ಅತ್ತೆ ಎದ್ದರು. ದೇವರಗೂಡಿನ ಮುಂದೆ ನಿಂತು ಎರಡು ಕೆನ್ನೆಗೂ ಬಡಿದುಕೊಂಡರು. ಆಮೇಲೆ ಕೈ ಚಾಚಿ ಲಕ್ಷ್ಮಿಯ ತಲೆಯ ಮೇಲಿಂದ ಆ ಹೂವನ್ನು ತೆಗೆದರು.

"ಅಮ್ಮಾ!" ಸುದರ್ಶನ್‌ಗೆ ಗಾಬರಿ. "ಏರಿಸಿದ ಹೂ ಅದು. ದೀಪ ಇನ್ನೂ ಉರೀತಿದೆ."

ನಮ್ಮ ಮದುವೆಯಾದಂದಿನಿಂದ ನೋಡಿದ್ದೇನೆ, ಏರಿಸಿದ ಹೂವನ್ನು ಮಾರನೆಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಪೂಜೆ ಆದ ಮೇಲೆ ಹೂ ಸರಿಪಡಿಸಲು ಹೋದ ನನಗೆ ಒಮ್ಮೆ ಕೈಗೇ ಪೆಟ್ಟು ಬಿದ್ದಿತ್ತು.

"ದೇವರಿಗೇನೋ ಕಣ್ಣಿದೆ," ಎಂದರು ಅತ್ತೆ. "ನಾಳೆ ಇನ್ನೊಂದು ನೋಡ್ತಾಳೆ. ಇಂಗಮ್ಮಂಗೆ ಎಲ್ಲಿದೆ?"

ಪಂಚಪಾತ್ರೆಯ ನೀರಿನಲ್ಲಿ ಹೂವನ್ನಿಟ್ಟುಕೊಂಡು, ಸೀರೆಯ ಮೇಲೆ ಸ್ವೆಟರು ಹ್ಯಾಗೆ ಹ್ಯಾಗೋ ಏರಿಸಿಕೊಂಡು, ಹಿತ್ತಲ ಬಾಗಿಲು ದಾಟಿ ಹೊರಟೇಬಿಟ್ಟರು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ.

ಇಂಗೆಯೆರ್ಡ್ ಆಗಲೇ ಮೇಜಿಗೆ ಬಟ್ಟೆ ಹಾಸಿ, ನೀಲಿ ಅಂಚಿನ ಒಳ್ಳೆಯ ಕಪ್ಪುಗಳನ್ನು ಜೋಡಿಸಿ ಕೂತಿದ್ದರು. ಹೊಸ ಕಾರ್ಡಿಗನ್ನು, ನಾನು ಹಾಕಿದ ಕ್ಲಿಪ್ಪು. ಪಾತಿಯ ಪಕ್ಕ ಅವರೇ ಎಳೆದುತಂದ ಹಾಸಿಗೆ. ನಮ್ಮ ಹೆಜ್ಜೆಯ ಸದ್ದಿಗೆ ಮುಖ ಪಕ್ಕಕ್ಕೆ ತಿರುಗಿಸಿ ನಕ್ಕರು.

"ಬೇಗ ಬಂದಿರಿ! ಅರಳಿದೆಯಾ?"

ಬ್ಯಾಂಕಿನ ಕೌಂಟರಿನಲ್ಲಿ ಎಂಥೆಂಥವರನ್ನೋ ಗದರಿಸಿದ ನಾನು ಅತ್ತೆಯ ಬೆನ್ನ ಹಿಂದೆ ಸರಿದೆ. ಅತ್ತೆ ಮುಂದೆ ಹೋಗಿ, ಅವರ ಕೈ ಹಿಡಿದು, ಪಂಚಪಾತ್ರೆಯನ್ನು ಅಂಗೈಯಲ್ಲಿಟ್ಟರು.

"ಇಂಗಮ್ಮ, ನಾನು ಕಿತ್ಬಿಟ್ಟೆ. ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು," ಎಂದರು, ಕನ್ನಡದಲ್ಲಿ, ಈ ಸಲ ದನಿ ಏರಿಸದೆ.

ಇಂಗೆಯೆರ್ಡ್ ನೀರಿನಲ್ಲಿ ಬೆರಳಾಡಿಸಿದರು. ಬೆರಳಿಗೆ ದಳ ತಾಗಿತು. ಅವರಿಗೆ ಅರ್ಥವಾಗಲು ಭಾಷೆ ಬೇಕಾಗಲಿಲ್ಲ. ನಗು ಮುಖದಿಂದ ಜಾರಿಹೋಯಿತು.

"ಯಾರು?" ಎಂದರು ನನ್ನ ಕಡೆಗೆ.

'ನಾವು' ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅವರ ಬೆರಳನ್ನು ಹಿಡಿದು ತಮ್ಮ ಎದೆಗೆ ತಾಗಿಸಿಕೊಂಡರು.

ಇಂಗೆಯೆರ್ಡ್ ಬೈದರು. ಕಿರುಚಲಿಲ್ಲ, ತಗ್ಗಿದ ದನಿಯಲ್ಲಿ, ಪ್ರತಿ ಪದವನ್ನೂ ಬಿಡಿಬಿಡಿಯಾಗಿ ಬೈದರು. ಬೆಟ್ಟದ ವಸತಿಯಲ್ಲಿ ಅತಿಥಿ ಯಾರಾದರೂ ಆ ಹೂವನ್ನು ಕಿತ್ತು ತಂದರೆ ಅವರಿಗೆ ಆ ರಾತ್ರಿ ಊಟ ಬಡಿಸುತ್ತಿರಲಿಲ್ಲ ಎಂದರು. ನಾಲ್ಕು ವರ್ಷ ಕಾದೆ, ಒಂದು ಬೆಳಗು ಕಾಯಲು ನಿನ್ನಿಂದ ಆಗಲಿಲ್ಲವೇ ಎಂದರು. ಮುಂದಿನ ವರ್ಷ ಅದು ಅರಳಿದರೂ ನನಗೇನು ಎಂದರು.

"ಏನಂತಾರೆ?" ಅತ್ತೆ ಕೇಳಿದರು.

ಒಂದು ಪದ ಬಿಡದೆ ಹೇಳಿದೆ. ಇವತ್ತು ಯಾರಿಗೂ ಯಾವುದನ್ನೂ ಮೆತ್ತಗೆ ಮಾಡಿ ಹೇಳಬಾರದು ಎಂದು ನನಗೆ ಹಟ ಬಂದಿತ್ತು. ಅತ್ತೆ ತಲೆಯಾಡಿಸಿದರು.

"ಸರಿಯಾಗೇ ಅಂತಿದಾರೆ. ನಾನಾಗಿದ್ರೆ ಇನ್ನೂ ಜೋರಾಗಿ ಬೈತಿದ್ದೆ."

ಯಾರೂ ಕಾಫಿ ಬಗ್ಗಿಸಲಿಲ್ಲ. ಸುದರ್ಶನ್ ಬೇಲಿಯ ಆಚೆಯೇ ನಿಂತಿದ್ದ. ಇಂಗೆಯೆರ್ಡ್ ಪಂಚಪಾತ್ರೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ಏಳಲಿಲ್ಲ. ಎರಡು ಬೆರಳಲ್ಲಿ ತೊಟ್ಟು ಹಿಡಿದು ಹೂವನ್ನು ನೀರಿನಿಂದ ಎತ್ತಿದರು. ನೀರು ಕೊಡವಿದರು. ಮೊದಲು ಮುಖದ ಎದುರಿಗೆ ಹಿಡಿದರು, ತಲೆ ಅಲ್ಲಾಡಿಸಿದರು. ಆಮೇಲೆ ಅದನ್ನು ನಿಧಾನವಾಗಿ ಎಡಗಣ್ಣಿನ ಹೊರ ಅಂಚಿಗೆ ತಂದರು. ಇನ್ನೂ ಹತ್ತಿರ. ಇನ್ನೂ ಹತ್ತಿರ. ರೆಪ್ಪೆ ಬಡಿದರೆ ದಳಕ್ಕೆ ತಾಗುವಷ್ಟು. ಬೆಳಕು ಬೀಳುವಂತೆ ಕುರ್ಚಿಯಲ್ಲೇ ಸೂರ್ಯನ ಕಡೆ ಹೊರಳಿದರು.

ಬಹಳ ಹೊತ್ತು ಹಾಗೇ ಇದ್ದರು.

"ಎಂಟು," ಎಂದರು ಕೊನೆಗೆ. ತೊಟ್ಟನ್ನು ಬೆರಳುಗಳ ನಡುವೆ ಒಂದಿಷ್ಟೇ ಹೊರಳಿಸಿದರು. "ನಡುವೆ ಎಷ್ಟೊಂದು ಹಳದಿ. ನಾನು ಮರೆತೇಬಿಟ್ಟಿದ್ದೆ." ಮತ್ತೆ ಹೊರಳಿಸಿದರು. "ಇಲ್ಲೊಂದು ಹುಳ ಇದೆ. ಸಣ್ಣದು, ಕಪ್ಪು. ಕೇಸರದ ಮಧ್ಯೆ ನಡೆಯುತ್ತಿದೆ."

ನಾನು ಬಗ್ಗಿ ನೋಡಿದೆ. ಮೊದಲು ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಾಗ ಸಿಕ್ಕಿತು, ಸಾಸಿವೆಯ ಕಾಲುಭಾಗದಷ್ಟೂ ಇರದ ಒಂದು ಹುಳ. ಲಕ್ಷ್ಮಿಯ ತಲೆಯ ಮೇಲೆ ನಾನು ಕಂಡಾಗಲೂ ಅದು ಅಲ್ಲೇ ಇದ್ದಿರಬೇಕು. ಚೆನ್ನಾಗಿರುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನನಗೆ ತಡೆಯಲಾರದಷ್ಟು ಅಳು ಬಂತು. ದುಃಖಕ್ಕೋ ಸಂತೋಷಕ್ಕೋ ಹೇಳಲಾರೆ, ಸುಮ್ಮನೆ ಅತ್ತುಬಿಟ್ಟೆ.

ಇಂಗೆಯೆರ್ಡ್ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಕೈ ತೆಗೆದರೆ ಹೂ ದೂರವಾಗುತ್ತದೆ ಎಂದು ಹಾಗೇ ಬಿಟ್ಟಿದ್ದರು. ನಮ್ಮತ್ತೆ ಅವರ ಕುರ್ಚಿಯ ಪಕ್ಕ ನಿಂತು, ಬಿಸಿಲಿಗೆ ಹೂವಿನ ಮೇಲೆ ನೆರಳು ಬೀಳದ ಹಾಗೆ ತಮ್ಮ ಸೆರಗನ್ನು ಸರಿಸಿಕೊಂಡು, ಒಂದೇ ಸಮನೆ ಏನೋ ಗುನುಗುತ್ತಿದ್ದರು.

"ಏನು ಹೇಳುತ್ತಿದ್ದಾರೆ ಅವರು?" ಇಂಗೆಯೆರ್ಡ್ ಕಣ್ಣು ಕದಲಿಸದೆ ಕೇಳಿದರು.

ಕಿವಿಗೊಟ್ಟು ಕೇಳಿದೆ. "ನೋಡ್ಕೊಳ್ಳಿ, ನೋಡ್ಕೊಳ್ಳಿ, ಪೂರ್ತಿ ನೋಡ್ಕೊಳ್ಳಿ" ಎನ್ನುತ್ತಿದ್ದರು.

"ನೋಡಿ ಅನ್ನುತ್ತಿದ್ದಾರೆ," ಎಂದೆ.

"ನೋಡುತ್ತಿದ್ದೇನೆ ಅಂತ ಹೇಳು."

ಮೂಗು ಒರೆಸಿಕೊಂಡೆ. ಅತ್ತೆಯ ಕಡೆ ತಿರುಗಿದೆ.

"ನೋಡ್ತಿದಾರಂತೆ, ಅತ್ತೆ," ಎಂದೆ.